ಡಬ್ಬಿ ತುಂಬುವ ತನಕ

ಆ ವರ್ಷ ಕಾಲುವೆಗೆ ನೀರು ಬಿಟ್ಟ ಮೂರನೆಯ ದಿನ ಮರಿಲಿಂಗಮ್ಮ ನೆಲ್ಲು ಹಚ್ಚುವ ಕೂಲಿಗೆ ಬಂದಾಗ ಅವಳ ಬಲಗಣ್ಣು ಪೂರ್ತಿ ಮುಚ್ಚಿಹೋಗಿತ್ತು. ರೆಪ್ಪೆ ಊದಿ ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಸಾಲಿನಲ್ಲಿ ಬಗ್ಗಿ ನಿಂತಿದ್ದ ಹೆಂಗಸರು ಒಮ್ಮೆ ತಲೆ ಎತ್ತಿ ನೋಡಿ ಮತ್ತೆ ಕೆಸರಿಗೆ ಕೈ ಹಾಕಿದರು.

"ಏನವ್ವಾ, ಒಂದ ಕಣ್ಣು ತಗೊಂಡು ಬಂದೀದಿ. ಇನ್ನೊಂದು ಮನ್ಯಾಗ ಕಾವಲಿಗೆ ಇಟ್ಟೀಯೇನು?" ಎಂದಳು ಪಕ್ಕದ ಸಾಲಿನ ಮೋನಮ್ಮ.

"ಹೌದವ್ವ. ನಿನ್ನ ಗಂಡ ಬೊಂಬಾಯಿಂದ ಯಾವಾಗ ಬರ್ತಾನ ಅಂತ ನೋಡಾಕ ಒಂದು ಕಣ್ಣು ಬೇಕಲ್ಲ."

ಎಲ್ಲರೂ ನಕ್ಕರು. ಮರಿಲಿಂಗಮ್ಮನೂ ನಕ್ಕಳು. ನಗುವಾಗ ಅವಳ ಕೆಳತುಟಿಯ ಒಣಗಿದ ಗಾಯ ಬಿರಿದು, ಗದ್ದದ ಮೇಲೆ ಒಂದು ಎಳೆ ರಕ್ತ ಇಳಿಯಿತು. ಸೀರೆಯ ಸೆರಗು ಕೆಸರಾಗಿತ್ತೆಂದು ಅವಳು ಅದನ್ನು ಭುಜಕ್ಕೇ ಒರೆಸಿಕೊಂಡಳು.

ಬದುವಿನ ಜಾಲಿಮರಕ್ಕೆ ಕಟ್ಟಿದ ಜೋಳಿಗೆಯಿಂದ ಎಂಟು ತಿಂಗಳ ಮಗಳನ್ನು ಎತ್ತಿ ಮೊಲೆಗೆ ಹಾಕಿಕೊಂಡು ಕೂತಿದ್ದ ಕರೆಮ್ಮ ಇದನ್ನೆಲ್ಲ ನೋಡುತ್ತಿದ್ದಳು. ಅವಳ ಮನಸ್ಸಿಗೆ ಮೊದಲು ಬಂದ ಮಾತು, ಇವತ್ತು ಒಂದು ಹುಣಸೆ ಬೀಜ, ಎಂಬುದು. ಬಂದ ಮರುಗಳಿಗೆಗೆ ಮೈಯೆಲ್ಲ ಮುದುಡಿದಂತಾಯಿತು. ಒಬ್ಬ ಹೆಣ್ಣುಮಗಳ ಕಣ್ಣು ಹೀಗಾಗಿರುವುದನ್ನು ನೋಡಿ ತನಗೆ ಮೊದಲು ಲೆಕ್ಕ ನೆನಪಾಯಿತಲ್ಲ ಎಂದು ಅವಳು ಕೂಸಿನ ತಲೆಯ ಮೇಲೆ ಗಲ್ಲ ಊರಿ ಕೂತಳು.

ಕರೆಮ್ಮನಿಗೆ ಆಗ ಇಪ್ಪತ್ತಮೂರು. ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿ ಬಿಟ್ಟು ಎರಡು ಮೈಲಿ ಒಳಗಿರುವ ಕಟಗಿಹಾಳಕ್ಕೆ ಸೊಸೆಯಾಗಿ ಬಂದವಳು. ಬಿ.ಎ. ಎರಡು ವರ್ಷ ಓದಿ, ಮೂರನೆಯ ವರ್ಷಕ್ಕೆ ಬಸುರಾಗಿ ಬಿಟ್ಟವಳು. ಗಂಡ ಯಂಕಣ್ಣನದು ಕಾಲುವೆಯ ಕಟ್ಟಕಡೆಯ ತೂಬಿನ ಕೆಳಗೆ ಎರಡು ಎಕರೆ. ಅತ್ತೆ ಶೇಖಮ್ಮ ಬಾಯಿ ಜೋರಿನ, ಕೈ ಮೆತ್ತನೆಯ ಮುದುಕಿ. ಸೊಸೆ ಪುಸ್ತಕ ಹಿಡಿದರೆ, "ಓದವ್ವ ಓದು, ಎಮ್ಮಿ ತಾನ ಹಾಲು ಹಿಂಡಿಕೊಂತೈತಿ" ಎನ್ನುವಳು, ಎಂದು ತಾನೇ ಹೋಗಿ ಹಿಂಡುವಳು.

ಸುರಪುರದ ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳುವ ಕುಬ್ರಾಬೇಗಂ ಮೇಡಂ ಕೂಸನ್ನು ನೋಡುವ ನೆವದಲ್ಲಿ ಒಂದು ದಿನ ಕಟಗಿಹಾಳಕ್ಕೆ ಬಂದಿದ್ದರು. ಕೂಸಿಗೆ ಹಳದಿ ಉಣ್ಣೆಯ ಟೋಪಿ ತೊಡಿಸಿ, ಚಹಾ ಕುಡಿದು, ಆಮೇಲೆ ಕೈಚೀಲದಿಂದ ಫೋಟೋ ರೀಲಿನ ಖಾಲಿ ಡಬ್ಬಿಗಳನ್ನು ತೆಗೆದು ಚಾಪೆಯ ಮೇಲೆ ಸಾಲಾಗಿ ನಿಲ್ಲಿಸಿದರು. ಕರೀ ಡಬ್ಬಿ, ಬೂದು ಮುಚ್ಚಳ. ಶಹಾಪುರದ ಸ್ಟುಡಿಯೋದವನ ಹತ್ತಿರ ಬೇಡಿ ತಂದದ್ದು. ಹದಿನಾರು ಇದ್ದವು.

"ನೋಡು ಬೇಟಾ," ಎಂದರು ಮೇಡಂ. "ಕಾಲುವಿ ಬಂದು ಹದಿನೈದು ವರ್ಷ ಆತು. ಹೆಣ್ಮಕ್ಳ ಕೈಯಾಗ ಕೂಲಿ ಓಡಾಡಾಕತ್ತೈತಿ. ಮನ್ಯಾಗ ಹೊಡತ ಕಡಿಮಿ ಆಗೇತೋ, ಹೆಚ್ಚಾಗೇತೋ? ಯಾರಿಗೂ ಗೊತ್ತಿಲ್ಲ. ವರ್ಷಕ್ಕೊಮ್ಮೆ ಹೋಗಿ ಕೇಳಿದ್ರ 'ಏನೋ ಒಂದೆರಡು ಸಲ' ಅಂತಾರ. ಮರೀತಾರ, ಇಲ್ಲಾ ನಾಚತಾರ. ನನಗ ದಿನದ ಲೆಕ್ಕ ಬೇಕು."

ಉಪಾಯ ಮೇಡಂನದೇ. ಅಕ್ಷರ ಬಾರದ ಹೆಂಗಸರು ದಿನಚರಿ ಬರೆಯಲಾರರು, ಕಾಳು ಹಾಕಬಲ್ಲರು. ಗಂಡ ಬರಿಗೈಯಲ್ಲಿ ಹೊಡೆದ ದಿನ ಒಂದು ತೊಗರಿ. ಕೋಲು, ಹಗ್ಗ, ಕಲ್ಲು ಹೀಗೆ ಏನಾದರೂ ಕೈಗೆ ಎತ್ತಿಕೊಂಡ ದಿನ ಒಂದು ಹುಣಸೆ ಬೀಜ. ಮನೆಯಲ್ಲಿ ಕಾಳಿನ ಡಬ್ಬಿ ಇದ್ದರೆ ಯಾವ ಗಂಡಸೂ ಅದೇನೆಂದು ಕೇಳುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಕರೆಮ್ಮ ಹದಿನಾರು ಮನೆಗೂ ಹೋಗಿ, ಡಬ್ಬಿ ಸುರುವಿ ಎಣಿಸಿ, ಹೆಸರಿಲ್ಲದೆ ಬರಿ ನಂಬರಿನ ಮುಂದೆ ಬರೆದುಕೊಂಡು, ಕಾಳನ್ನು ಮತ್ತೆ ಅದೇ ಡಬ್ಬಿಗೆ ಹಾಕಿ ಕೊಡಬೇಕು. ಹೀಗೆ ಮಾಡಿದರೆ ಹಿಂದಿನ ಲೆಕ್ಕಕ್ಕೂ ಇಂದಿನ ಲೆಕ್ಕಕ್ಕೂ ತಾಳೆ ನೋಡಬಹುದು. ಮೂರು ತಿಂಗಳ ಕೊನೆಗೆ ಡಬ್ಬಿ ಸಮೇತ ಮೇಡಂಗೆ ಒಪ್ಪಿಸಬೇಕು.

"ಇನ್ನೊಂದು ಮಾತು. ಎಣಸು, ಬರಿ. ನಡುವ ಬೀಳಬ್ಯಾಡ. ಒಬ್ಬಾಕಿ ಸಲುವಾಗಿ ನೀ ಜಗಳಕ್ಕ ನಿಂತಿ ಅಂದ್ರ ಊರ ಗಂಡಸರಿಗೆ ವಾಸನಿ ಬರತೈತಿ. ಆಮ್ಯಾಲ ಹದಿನಾರು ಮಂದಿ ಏಟು ತಿಂತಾರ. ಮೂರು ತಿಂಗಳು ಅಷ್ಟ. ಲೆಕ್ಕ ಕೈಗೆ ಬಂತಂದ್ರ ದೊಡ್ಡವರ ಮುಂದ ಇಟ್ಟು ಮಾತಾಡಬಹುದು."

ಕರೆಮ್ಮನಿಗೆ ಅದು ಸರಿಯೆನಿಸಿತ್ತು. ಮೇಡಂ ಪಾಠ ಹೇಳುವಾಗಲೂ ಹಾಗೆ, ಅವರ ಮಾತಿನಲ್ಲಿ ಸಡಿಲ ಗಂಟು ಇರುತ್ತಿರಲಿಲ್ಲ.

ಏಳನೆಯ ನಂಬರು ಮರಿಲಿಂಗಮ್ಮನದು. ಅವಳ ಗಂಡ ಸಾಬಣ್ಣ ಕಾಲುವೆಯ ದಿನಗೂಲಿ. ಕಟಗಿಹಾಳದ ಪಾಲಿನ ಏಳು ತೂಬುಗಳನ್ನು ಏರಿಸುವುದು, ಇಳಿಸುವುದು ಅವನ ಕೆಲಸ. ಅದಕ್ಕೊಂದು ಚಾವಿ ಇತ್ತು. ಒಂದೂವರೆ ಮೊಳದ ಕಬ್ಬಿಣದ ದಂಡ, ತುದಿಯಲ್ಲಿ ಚೌಕದ ತೂತು. ಅದನ್ನು ತಿರುಪಿಗೆ ಹಾಕಿ ತಿರುಗಿಸಿದರೇ ತೂಬಿನ ಹಲಗೆ ಮೇಲೇಳುವುದು. ಏಳು ತೂಬಿಗೆ ಅದೊಂದೇ ಚಾವಿ. ಅದನ್ನು ಹೆಗಲ ಮೇಲಿಟ್ಟುಕೊಂಡು ಸಾಬಣ್ಣ ಏರಿಯ ಮೇಲೆ ನಡೆದು ಬಂದರೆ ಅವನಿಗಿಂತ ಹಿರಿಯರೂ, "ಬಾರಪ್ಪಾ, ಚಾ ಕುಡಿ ಬಾ" ಎನ್ನುತ್ತಿದ್ದರು. ಕುಡುಕನಲ್ಲ. ಮಕ್ಕಳಿಗೆ ಪೇರಲ ಹಂಚುವವ. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದು, ಉಂಡು, ಕೈ ತೊಳೆದು, ಹೊಡೆಯುತ್ತಿದ್ದ. ಮದುವೆಯಾಗಿ ಒಂಬತ್ತು ವರ್ಷವಾದರೂ ಮರಿಲಿಂಗಮ್ಮನಿಗೆ ಮಕ್ಕಳಿರಲಿಲ್ಲ. ಊರವರು ಅದನ್ನೇ ಕಾರಣ ಎನ್ನುತ್ತಿದ್ದರು. ಕಾರಣ ಬೇಕೇಬೇಕು ಎಂದವರಿಗೆ ಅದು ಸಾಕಾಗುತ್ತಿತ್ತು.

ಓಣಿಗೆಲ್ಲ ಕೇಳುತ್ತಿತ್ತು. ಒಬ್ಬರೂ ಬಾಗಿಲು ತೆರೆಯುತ್ತಿರಲಿಲ್ಲ. ನಾಟಿ ಮುಗಿಯಲಿ, ನೀರಿನ ಪಾಳಿ ಮುಗಿಯಲಿ, ಆಮೇಲೆ ಹಿರಿಯರು ಕೂತು ಹೇಳೋಣ ಎನ್ನುವರು. ಪಾಳಿ ಯಾವಾಗ ಮುಗಿಯುತ್ತಿತ್ತು? ಮುಂಗಾರಿನದು ಮುಗಿದರೆ ಬೇಸಿಗೆಯ ಬೆಳೆಯದು.

ಎರಡನೆಯ ತಿಂಗಳ ಒಂದು ಮಧ್ಯಾಹ್ನ ಕರೆಮ್ಮ ಎಣಿಕೆಗೆಂದು ಹೋದವಳು ಆ ಬಾಗಿಲ ಹೊರಗೇ ನಿಂತಳು. ಬಾಗಿಲು ಅರ್ಧ ತೆರೆದಿತ್ತು. ಸಾಬಣ್ಣ ಹೆಂಡತಿಯ ಕೂದಲನ್ನು ಎಡಗೈಗೆ ಎರಡು ಸುತ್ತು ಸುತ್ತಿಕೊಂಡು ಅವಳ ತಲೆಯನ್ನು ಬೀಸುಕಲ್ಲಿನ ಅಂಚಿಗೆ ಒತ್ತಿ ಹಿಡಿದಿದ್ದ. ಬಲಗೈಯಲ್ಲಿ ನೀರಲ್ಲಿ ನೆನೆದ ಕಣ್ಣಿಹಗ್ಗ. ಅವನು ಅವಸರದಲ್ಲಿರಲಿಲ್ಲ. ಬೆನ್ನಿಗೆ ಒಂದು ಬಿಗಿದು, ಉಸಿರು ತೆಗೆದುಕೊಂಡು, ಇನ್ನೊಂದು. ಹಗ್ಗ ಮೇಲೇಳುವಾಗ ಅದರ ನೀರು ಗೋಡೆಗೆ ಸಿಡಿದು ಗೆರೆ ಬೀಳುತ್ತಿತ್ತು. ನೀರಿನ ಗೆರೆಗಳ ನಡುವೆ ಕೆಂಪು ಗೆರೆಗಳೂ ಇದ್ದವು. ಮರಿಲಿಂಗಮ್ಮ ಕೂಗುತ್ತಿರಲಿಲ್ಲ. ಪ್ರತಿ ಏಟಿಗೂ ಅವಳ ಬಾಯಿಂದ ಗಾಳಿ ಮಾತ್ರ ಹೊರಬರುತ್ತಿತ್ತು.

ಕರೆಮ್ಮನ ಸೊಂಟದ ಮೇಲಿದ್ದ ಕೂಸು ಮೊಲೆ ಬಿಟ್ಟು ಆ ಕಡೆ ತಿರುಗಿ ನೋಡಿತು. ಅವಳು ಕೂಸಿನ ಕಣ್ಣಿಗೆ ಸೆರಗು ಮುಚ್ಚಿದಳು. ನಡುವ ಬೀಳಬ್ಯಾಡ. ಹದಿನಾರು ಮಂದಿ. ಅವಳು ಹಿಂದಕ್ಕೆ ಹೆಜ್ಜೆ ಇಟ್ಟು, ತಿರುಗಿ, ಮನೆಗೆ ಬಂದು, ನೋಟುಬುಕ್ಕು ತೆರೆದು ಏಳರ ಮುಂದೆ ಆ ದಿನದ ಹುಣಸೆ ಬೀಜವೊಂದನ್ನು ಗೆರೆ ಹಾಕಿ ಗುರುತಿಸಿದಳು. ಆಮೇಲೆ ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡಳು.

"ಮತ್ತ ಬಸುರೇನು?" ಎಂದಳು ಶೇಖಮ್ಮ.

"ಅಲ್ಲತ್ತಿ."

"ಹಂಗಾದ್ರ ಏನು ನೋಡಿ ಬಂದಿ?"

ಮುದುಕಿಗೆ ಹೇಳಬೇಕಾದ್ದೇನೂ ಇರಲಿಲ್ಲ, ಸಾಬಣ್ಣನ ಮನೆಯ ಸದ್ದು ಇಲ್ಲಿಗೂ ಕೇಳುತ್ತಿತ್ತು.

ಮೂರನೆಯ ತಿಂಗಳ ಮೊದಲ ಎಣಿಕೆಯಲ್ಲಿ ಮೋನಮ್ಮನ ಡಬ್ಬಿ ಸುರುವಿದಾಗ ಒಂದೇ ಸಲಕ್ಕೆ ಒಂಬತ್ತು ಹುಣಸೆ ಬೀಜ ಹೆಚ್ಚಾಗಿದ್ದವು. ಕರೆಮ್ಮ ಎರಡು ಸಲ ಎಣಿಸಿದಳು.

"ಮೋನಕ್ಕ, ನಿನ್ನ ಗಂಡ ಬೊಂಬಾಯಿಗೆ ಹೋಗಿ ಎರಡು ತಿಂಗಳಾತು. ಹೊಡದವರು ಯಾರು?"

ಮೋನಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಬರ್ತಾನಲ್ಲ ದೀಪಾವಳಿಗೆ. ಬಂದ ಮ್ಯಾಲ ಹೊಡಿಯಾಂವನ. ಮೊದಲ ಹಾಕಿಟ್ಟೀನಿ."

"ಹಂಗ ಹಾಕಂಗಿಲ್ಲಕ್ಕ. ಲೆಕ್ಕ ಕೆಡತೈತಿ."

"ನಿನ್ನ ಲೆಕ್ಕ ಯಾಕ ಕೆಡತೈತಿ? ಆಂವ ಬರೋದ್ರಾಗ ಡಬ್ಬಿ ತುಂಬಿರಬೇಕು, ನನ್ನ ಪಾಳಿ ಬಂದಿರಬೇಕು. ನಾ ಏನು ಸುಳ್ಳ ಹಾಕಾಕತ್ತೇನೇನು? ಮುಂಗಡ ಹಾಕಾಕತ್ತೀನಿ."

"ಯಾವ ಪಾಳಿ?"

ಮೋನಮ್ಮ ಈಗ ತಲೆ ಎತ್ತಿದಳು. ಓದಿದವಳಿಗೆ ಇಷ್ಟೂ ತಿಳಿಯದೇ ಎಂಬ ಮುಖ. "ಮ್ಯಾಲಿನ ಮಡಿ ತುಂಬಿದ ಮ್ಯಾಲ ತೂಬು ತೆಳಗಿನ ಮಡಿಗೆ ತಿರಗೂದಿಲ್ಲೇನು? ಹಂಗ. ಡಬ್ಬಿ ತುಂಬಿದಾಕಿ ಮನಿಗೆ ನಿಮ್ಮ ಮೇಡಂ ಜೀಪ್ ತಗೊಂಡು ಬರ್ತಾಳ. ಅರ್ಧ ತುಂಬಿದ್ದಕ್ಕ ಯಾರು ಬರ್ತಾರ? ಅದಕ್ಕಲ್ಲೇನು ನೀ ಎಣಿಸಿ ಮತ್ತ ಅದರಾಗ ಹಾಕಿ ಕೊಡೂದು."

ಕರೆಮ್ಮನ ಕೈಯಲ್ಲಿದ್ದ ಬೀಜಗಳು ಬೆವರಿಗೆ ಅಂಟಿಕೊಂಡವು. ಹದಿನೈದು ವರ್ಷದಿಂದ ಕಾಲುವೆಯ ನೀರಿನ ಪಾಳಿಗೆ ಕಾಯುತ್ತ ಬಂದ ಊರು. ತುಂಬದ ಹೊರತು ಪಾಳಿ ತಿರುಗುವುದಿಲ್ಲ ಎಂಬುದು ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಮೇಡಂಗೆ ಗೊತ್ತಿರಲಿಲ್ಲ. ತನಗೆ ಗೊತ್ತಿತ್ತು, ಹೊಳೆದಿರಲಿಲ್ಲ.

"ಎಲ್ಲಾರೂ ಹಂಗ ತಿಳಿದಾರೇನಕ್ಕ?"

"ಮತ್ತೇನು. ಮರಿಲಿಂಗಮ್ಮಂದ ಮೊದಲ ತುಂಬತೈತಿ ಅಂತ ಹೊಟ್ಟಿಕಿಚ್ಚು ಪಡಾಕತ್ತಾರ ಕೆಲವರು." ಮೋನಮ್ಮ ನಕ್ಕಳು. ಕರೆಮ್ಮ ಅಲ್ಲಿಂದ ಓಡುವ ಹಾಗೆ ಹೋದಳು.

ಮರಿಲಿಂಗಮ್ಮ ಕಾಲುವೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಗಂಡನ ಅಂಗಿಯನ್ನು ಕಲ್ಲಿಗೆ ಬಡಿಯುವಾಗ ಎಡಗೈಯನ್ನು ಮೈಗೆ ಒತ್ತಿಕೊಂಡೇ ಇದ್ದಳು. ಪಕ್ಕೆಲುಬು ಮುರಿದವರು ಹಾಗೆ ಹಿಡಿಯುತ್ತಾರೆ. ಕರೆಮ್ಮ ಪಕ್ಕದಲ್ಲಿ ಕೂತು ಡಬ್ಬಿಯ ಮಾತು ತೆಗೆದಳು. ಮರಿಲಿಂಗಮ್ಮ ಸೊಂಟದ ಗಂಟಿನಿಂದ ಅದನ್ನು ತೆಗೆದು ಅವಳ ಕೈಗಿಟ್ಟಳು. ಮುಚ್ಚಳ ತೆಗೆದರೆ ಬೀಜ ಕಂಠದವರೆಗೆ ಬಂದಿದ್ದವು.

"ಇನ್ನ ನಾಕು ಬೀಜ ಹಿಡೀತಾವ," ಎಂದಳು ಮರಿಲಿಂಗಮ್ಮ. ದನಿಯಲ್ಲಿ ಒಂಥರಾ ಹಿಗ್ಗು. "ಮೊದಲೆಲ್ಲ ಆಂವ ಕೈ ಎತ್ತಿದ್ರ ನಾ ಹಿತ್ತಲಕ್ಕ ಓಡತಿದ್ದೆ, ಹೊರಸಿನ ತೆಳಗ ಹೊಗತಿದ್ದೆ. ವಾರಕ್ಕ ಎರಡು ಏಟು ತಪ್ಪತಿದ್ದವು. ಈಗ ತಪ್ಪಿಸಿಕೊಳ್ಳೂದಿಲ್ಲ ಕರೆವ್ವ. ನಿಂತ ಇರ್ತೀನಿ. ಬರಿಗೈಲೆ ಹೊಡಿಯಾಕ ಬಂದ್ರ ಏನಾರ ಅಂದು ಸಿಟ್ಟಿಗೆಬ್ಬಸ್ತೀನಿ. ತೊಗರಿ ಹಾಕಿದ್ರ ಯಾವಾಗ ತುಂಬಬೇಕು."

ಕಾಲುವೆಯ ನೀರು ಮೆಟ್ಟಿಲಿಗೆ ಬಡಿದು ಹೋಗುತ್ತಿತ್ತು. ಯಾರೂ ಬರುವುದಿಲ್ಲ ಎಂದು ಹೇಳುವ ಮೊದಲು ಮೇಡಂನ ಕೇಳಿಕೊಂಡು ಬರಬೇಕು ಎಂದುಕೊಂಡಳು ಕರೆಮ್ಮ. ಡಬ್ಬಿ ಮುಚ್ಚಿ ಕೊಟ್ಟು, "ನಾ ನಾಳಿ ಬರ್ತೀನಕ್ಕ. ಅಲ್ಲೀತನ ನಿಲ್ಲಬ್ಯಾಡ. ಓಡು. ನನ್ನ ಕೂಸಿನ ಆಣಿ, ಓಡು" ಎಂದಳು.

ಅಂದೇ ಹನ್ನೊಂದರ ಬಸ್ಸು ಹಿಡಿದು ಕೂಸಿನೊಡನೆ ಸುರಪುರಕ್ಕೆ ಹೋದಳು. ಕುಬ್ರಾಬೇಗಂ ಉತ್ತರಪತ್ರಿಕೆ ತಿದ್ದುತ್ತಿದ್ದರು. ಕೇಳುತ್ತ ಕೇಳುತ್ತ ಅವರ ಕೆಂಪು ಪೆನ್ನು ಒಂದೇ ಕಡೆ ನಿಂತು, ಶಾಯಿ ಹರಡಿ, ಯಾವನೋ ಹುಡುಗನ ಉತ್ತರವೆಲ್ಲ ಕೆಂಪಾಯಿತು.

"ಯಾ ಅಲ್ಲಾ," ಎಂದರು ಕೊನೆಗೆ. "ಹೊಡತ ಎಣಸಾಕ ಹೋಗಿ ಹೊಡತ ಬೆಳಸಿದ್ವಿ."

"ಈಗ ಏನು ಮಾಡೂದ್ರಿ ಮೇಡಂ?"

"ಎಲ್ಲಾ ಡಬ್ಬಿ ವಾಪಸ್ ತಗೋ. ಇವತ್ತಿಗೇ ಮುಗೀತು. ಮೂರು ತಿಂಗಳದ ಕೆಲಸ ಹೋದ್ರ ಹೋಗಲಿ. ಆ ಹೆಣ್ಮಗಳನ್ನ ನನ್ನ ಮನಿಗೆ ಕರಕೊಂಡು ಬಾ. ಶಹಾಪುರದಾಗ ನಮ್ಮಮ್ಮ ಒಬ್ಬಾಕಿನ ಇರ್ತಾಳ, ಒಂದು ಕೋಲಿ ಖಾಲಿ ಐತಿ. ಪೊಲೀಸರ ಹತ್ರ ನಾನ ಬರ್ತೀನಿ. ಆದ್ರ ಆಕಿ ತಾನಾಗೇ ಹೊರಗ ಬರಬೇಕು ಬೇಟಾ. ನಾನು ಜೀಪ್ ತಗೊಂಡು ಬಾಗಿಲ ಮುಂದ ನಿಂತ್ರ ಆಕಿ ಹೆಣ ಸಿಗತೈತಿ."

ಮನೆಗೆ ಬಂದು ಕರೆಮ್ಮ ಎಲ್ಲವನ್ನೂ ಹೇಳಿದಳು. ಯಂಕಣ್ಣ ಸಸಿಯ ಕಟ್ಟುಗಳಿಗೆ ನೀರು ಚಿಮುಕಿಸುತ್ತಿದ್ದವ ತಂಬಿಗೆ ಕೆಳಗಿಟ್ಟ.

"ಸಸಿಗೆ ನಲವತ್ತು ದಿನ ಆತು. ನಾಡದು ನಮ್ಮ ಪಾಳಿ. ಸಾಬಣ್ಣ ತೂಬು ಎತ್ತಲಿಲ್ಲಂದ್ರ ಈ ವರ್ಷ ಉಪವಾಸ. ನೀ ಆ ಮನಿಗೆ ಹೋಗಬ್ಯಾಡ."

"ಹೋಗ್ತೀನ್ರಿ."

"ನಾನು ಬ್ಯಾಡ ಅಂದ್ರೂ?"

"ನೀವು ಬ್ಯಾಡ ಅಂದ್ರೂ."

ಅವನ ಮುಷ್ಟಿ ಬಿಗಿಯಿತು. ಕರೆಮ್ಮ ಅದನ್ನೇ ನೋಡುತ್ತ ನಿಂತಳು. ಯಂಕಣ್ಣನೂ ತನ್ನ ಕೈ ನೋಡಿಕೊಂಡ. ಆಮೇಲೆ ತಂಬಿಗೆ ಎತ್ತಿಕೊಂಡು ಹೊರಗೆ ಹೋದ.

ಮರುದಿನ ಹತ್ತು ಗಂಟೆಗೆ, ಸಾಬಣ್ಣ ಏರಿಯ ಕಡೆ ಹೋದದ್ದನ್ನು ನೋಡಿಕೊಂಡು, ಕರೆಮ್ಮ ಕೂಸನ್ನು ಅತ್ತೆಯ ಮಡಿಲಿಗೆ ಹಾಕಿದಳು. ಅಕ್ಕಿಯ ಗಂಜಿ ಒಲೆಯ ಬದಿಗಿದೆ, ಆರಿಸಿ ಕುಡಿಸು, ಎರಡು ಅರಿವೆ ಒಣಗಿವೆ, ಎಂದಳು.

"ಹೊಳ್ಳಿ ಬರೂದಾಕಿ ಹಂಗ ಹೇಳಾಕತ್ತೀಯೋ, ಬರದಾಕಿ ಹಂಗೋ?" ಎಂದಳು ಶೇಖಮ್ಮ. ಕೂಸನ್ನು ಮಾತ್ರ ಗಟ್ಟಿಯಾಗಿ ತಬ್ಬಿಕೊಂಡಿದ್ದಳು.

ಮರಿಲಿಂಗಮ್ಮ ಮನೆಯಲ್ಲಿ ಕಾಯುತ್ತಿದ್ದಳು. ಹಿಂದಿನ ಮಧ್ಯಾಹ್ನ ಓಡಿರಲಿಲ್ಲ ಎಂಬುದು ಅವಳ ಕಿವಿಯಿಂದ ಕೊರಳವರೆಗಿನ ಕಪ್ಪು ಬಾಸುಂಡೆ ನೋಡಿದರೆ ತಿಳಿಯುತ್ತಿತ್ತು. ಡಬ್ಬಿಯನ್ನು ದೀಪದ ಗೂಡಿನಲ್ಲಿ ಇಟ್ಟಿದ್ದಳು.

"ಮೇಡಂ ಬಂದಾಳೇನು?" ಎಂದು ಬಾಗಿಲ ಹೊರಗೆ ಇಣುಕಿದಳು.

ಕರೆಮ್ಮ ಅವಳ ಎರಡೂ ಕೈ ಹಿಡಿದುಕೊಂಡಳು. "ಅಕ್ಕ, ಡಬ್ಬಿ ತುಂಬಿದ್ರೂ ಯಾರೂ ಬರಂಗಿಲ್ಲ. ಅದು ಬರೀ ಎಣಸೂದಕ್ಕ ಇತ್ತು. ತುಂಬೂದಕ್ಕಲ್ಲ. ನಾವು ಸರಿಯಾಗಿ ಹೇಳಲಿಲ್ಲ. ತಪ್ಪು ನಮ್ಮದು. ನೀ ಈಗಿಂದೀಗ ನನ್ನ ಕೂಡ ನಡಿ."

ಮರಿಲಿಂಗಮ್ಮ ಕೈ ಬಿಡಿಸಿಕೊಂಡು, ಗೂಡಿನಿಂದ ಡಬ್ಬಿ ತೆಗೆದು, ಮುಚ್ಚಳ ಕಿತ್ತು, ಒಳಗಿದ್ದುದನ್ನೆಲ್ಲ ಕರೆಮ್ಮನ ಮುಖಕ್ಕೆ ಬೀಸಿ ಎಸೆದಳು. ಬೀಜ ಹಣೆಗೆ, ತುಟಿಗೆ ತಾಗಿ ನೆಲದ ತುಂಬ ಚೆಲ್ಲಿದವು.

"ಮೂರು ತಿಂಗಳು," ಎಂದಳು. "ಮೂರು ತಿಂಗಳು ನಾ ನಿಂತು ತಿಂದೀನಿ."

ಅಷ್ಟರಲ್ಲಿ ಬಾಗಿಲಲ್ಲಿ ನೆರಳು ಬಿತ್ತು. ಮೇಲಿನ ತೂಬಿನ ನೀರು ಕಡಿಮೆಯಾಗಿದೆಯೆಂದು ಸಾಬಣ್ಣ ಬೇಗ ತಿರುಗಿ ಬಂದಿದ್ದ. ಹೆಗಲ ಮೇಲೆ ಚಾವಿ. ಅವನು ನೆಲ ನೋಡಿದ.

"ಚೌಕಾಬಾರ ಆಡಾಕತ್ತೀರೇನು ನಡಹಗಲಾಗ?"

"ನೀ ಹೊಡದದ್ದು ಇವು," ಎಂದಳು ಮರಿಲಿಂಗಮ್ಮ. ಅವಳ ದನಿ ಕಾಲುವೆಯಲ್ಲಿ ಅಂಗಿ ಹಿಂಡುವಾಗಿನ ಹಾಗೆ ಸಾದಾ ಇತ್ತು. ಒಂದು ಬೀಜ ಹೆಕ್ಕಿ ತೋರಿಸಿದಳು. "ಇದು ಹಗ್ಗದ್ದು. ಇದು ನನ್ನ ಕಣ್ಣಿಗೆ ಒನಕಿ ಬಡದ್ಯಲ್ಲ, ಅವತ್ತಿಂದು. ಎಲ್ಲಾ ಐತಿ. ಇಕಿ ಬರಕೊಂಡಾಳ."

ಸಾಬಣ್ಣ ಮೊದಲು ನಕ್ಕ. ಬಾಗಿಲು ಮುಚ್ಚಿ, ಚಾವಿಯನ್ನು ಕೈಗೆ ತೆಗೆದುಕೊಂಡು ಕರೆಮ್ಮನ ಕಡೆ ತಿರುಗಿದ.

"ನನ್ನ ಹೆಸರು ಬರದೀಯೇನು ತಂಗಿ?"

"ಹೆಸರಿಲ್ಲ. ನಂಬರ್ ಐತಿ."

"ಎಷ್ಟನೇ ನಂಬರ್ ನಾನು?"

ಕರೆಮ್ಮ ಹೇಳಬಾರದಿತ್ತು. ಹೆದರಿಕೆಯಲ್ಲಿ ಬಾಯಿ ತಾನೇ ಆಡಿತು. "ಏಳು."

"ಅಂದ್ರ ನನಗಿಂತ ಮೊದಲ ಆರು ಮಂದಿ ಅದಾರ. ಮುಂದ ಎಷ್ಟು? ಯಾರ್ಯಾರ ಹೆಂಡರು ನಿನ್ನ ಮುಂದ ಬಾಯಿ ಬಿಟ್ಟಾರ? ಹೆಸರು ಹೇಳು. ಅವರಿಗೆ ನಾ ತಿಳಸ್ತೀನಿ."

ಕರೆಮ್ಮ ತಲೆ ಅಲ್ಲಾಡಿಸಿದಳು.

ಸಾಬಣ್ಣ ಅವಳನ್ನು ಮುಟ್ಟಲಿಲ್ಲ. ಪರರ ಹೆಂಡತಿ. ತಿರುಗಿ, ಕಬ್ಬಿಣದ ಚಾವಿಯಿಂದ ಮರಿಲಿಂಗಮ್ಮನ ದವಡೆಗೆ ಬೀಸಿದ. ಒಣ ಕಟ್ಟಿಗೆ ಮುರಿದ ಹಾಗೆ ಸದ್ದಾಯಿತು. ಅವಳು ಗೋಡೆಗೆ ಬಿದ್ದು ಜಾರಿ ಕೂತಳು. ಬಾಯಿ ಒಂದು ಕಡೆಗೆ ಸರಿದು ನಿಂತಿತ್ತು. ಎರಡು ಹಲ್ಲು ಮಡಿಲಿಗೆ ಬಿದ್ದವು.

"ಹೇಳು. ನೀ ಹೇಳೂತನ ಇಕಿ ತಿಂತಾಳ."

"ಹೇಳಂಗಿಲ್ಲ."

ಎರಡನೆಯದು ಮೊಣಕಾಲಿಗೆ. ಮೂರನೆಯದಕ್ಕೆ ಅವನು ಕೈ ಎತ್ತಿದಾಗ ಕರೆಮ್ಮ ನಡುವೆ ಬಿದ್ದಳು. ಬಿದ್ದಳು ಎಂಬುದೇ ಸರಿ, ಯೋಚಿಸಿ ಇಟ್ಟ ಹೆಜ್ಜೆಯಲ್ಲ ಅದು. ಅಡ್ಡ ಒಡ್ಡಿದ ಎಡಗೈಯ ಮೇಲೆ ಕಬ್ಬಿಣ ಇಳಿಯಿತು. ಮೊಣಕೈ ಕೆಳಗೆ ಕೈ ಬಾಗಬಾರದ ಕಡೆ ಬಾಗಿತು. ನೋವು ಇನ್ನೂ ಬಂದಿರಲಿಲ್ಲ. ಅವಳು ಕಿರುಚಿದಳು, ಮರಿಲಿಂಗಮ್ಮನೂ ಮುರಿದ ಬಾಯಲ್ಲೇ ಕಿರುಚಿದಳು. ಓಣಿಯಲ್ಲಿ ಎಲ್ಲೋ ರೇಡಿಯೋದ ದನಿ ಏರಿತು. ಒಂದು ಬಾಗಿಲು ಮುಚ್ಚಿದ ಸದ್ದೂ ಕೇಳಿತು.

ಸಾಬಣ್ಣ ಹೆಂಡತಿಯ ಕೂದಲು ಹಿಡಿಯಲು ಚಾವಿಯನ್ನು ನೆಲಕ್ಕೆ ಬಿಟ್ಟ. ಎರಡೂ ಕೈಯಿಂದ ಅವಳ ತಲೆಯನ್ನು ಬೀಸುಕಲ್ಲಿನ ಕಡೆ ಎಳೆಯತೊಡಗಿದ. ಕರೆಮ್ಮ ಬೀಜ ಚೆಲ್ಲಿದ ನೆಲದ ಮೇಲೆ ಬಿದ್ದುಕೊಂಡೇ ಆ ಚಾವಿಯನ್ನು ನೋಡಿದಳು. ಅದರಿಂದ ಅವನ ತಲೆ ಒಡೆಯಬಹುದಿತ್ತು. ಒಂದೇ ಕೈಯಲ್ಲಿ ಅಷ್ಟು ಭಾರ ಎತ್ತಿ ಬೀಸಲು ಆಗುತ್ತದೋ ಇಲ್ಲವೋ, ತಪ್ಪಿದರೆ ಇಬ್ಬರೂ ಉಳಿಯುವುದಿಲ್ಲ. ಹೆಂಗಸಿನ ಕೂಗಿಗೆ ಈ ಓಣಿಯಲ್ಲಿ ಯಾರೂ ಬರುವುದಿಲ್ಲ. ಯಾವುದಕ್ಕೆ ಬರುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು.

ಅವಳು ಚಾವಿಯನ್ನು ಬಲಗೈಯಲ್ಲಿ ಎದೆಗವಚಿಕೊಂಡು ಬಾಗಿಲು ತಳ್ಳಿ ಹೊರಗೆ ಓಡಿದಳು. ಓಣಿಯ ನಡುವಿನ ಹಳೆಯ ಬಾವಿಯ ಕಟ್ಟೆ ಹತ್ತಿ, ಚಾವಿಯನ್ನು ಬಾವಿಯ ಮೇಲೆ ಚಾಚಿ ಹಿಡಿದು ಕೂಗಿದಳು.

"ತೂಬಿನ ಚಾವಿ ಬಾವ್ಯಾಗ ಒಗಿಯಾಕತ್ತೀನಿ."

ಒಂದೊಂದಾಗಿ ಅಲ್ಲ, ಓಣಿಯ ಬಾಗಿಲುಗಳೆಲ್ಲ ಒಟ್ಟಿಗೇ ತೆರೆದವು. ಗಂಡಸರು ಉಂಡ ಕೈಯಲ್ಲೇ ಬಂದರು. ಒಬ್ಬ ಅರ್ಧ ಬೋಳಿಸಿದ ಗಡ್ಡದಲ್ಲಿ ಬಂದ. ಹಿರಿಯ ತಾಯಪ್ಪ, ನಾಲ್ಕನೆಯ ತೂಬಿನ ಕೆಳಗೆ ಹನ್ನೆರಡು ಎಕರೆ ಇದ್ದವ, ಎರಡೂ ಕೈ ಮುಂದೆ ಮಾಡಿಕೊಂಡು ಕಟ್ಟೆಯ ಹತ್ತಿರ ಬಂದ.

"ಕೊಡವ್ವ ತಂಗಿ. ಇಂದ ನನ್ನ ಪಾಳಿ ಐತಿ. ಇನ್ನೊಂದು ಚಾವಿ ಮಾಡಿಸೂದ್ರಾಗ ಸಸಿ ಸುಟ್ಟು ಹೋಗ್ತಾವ."

"ಆಕಿನ್ನ ಹೊರಗ ತರ್ರಿ. ಆಮ್ಯಾಲ ಕೊಡ್ತೀನಿ."

"ಅದು ಗಂಡ ಹೆಂಡರ—"

ಕರೆಮ್ಮ ಹಿಡಿತ ಒಂದು ಬೆರಳು ಸಡಿಲಿಸಿದಳು. ಚಾವಿ ಒಂದು ಗೇಣು ಕೆಳಗೆ ಜಾರಿತು. ತಾಯಪ್ಪ ತಿರುಗಿ ಸಾಬಣ್ಣನ ಮನೆಗೆ ನುಗ್ಗಿದ. ಹಿಂದೆ ಆರೇಳು ಮಂದಿ. ಒಳಗೆ ಗಡಿಗೆ ಒಡೆದ ಸದ್ದು, ಬೈಗುಳ. ಯಾರದೋ ಕೈ ಕಚ್ಚಿದ ಸಾಬಣ್ಣನನ್ನು ನೆಲಕ್ಕೆ ಕೆಡವಿ ಇಬ್ಬರು ಬೆನ್ನ ಮೇಲೆ ಕೂತರು. ನಿನ್ನೆಯವರೆಗೆ ಅವನಿಗೆ ಚಹಾ ಕೊಡುತ್ತಿದ್ದವನೊಬ್ಬ ಅವನ ಮುಖವನ್ನು ಕಾಲಲ್ಲಿ ತುಳಿದ, ಒಮ್ಮೆ ತುಳಿದು ನಿಲ್ಲಿಸಲಾರದೆ ಮತ್ತೆ ಮತ್ತೆ ತುಳಿದ. ವರ್ಷಗಳಿಂದ ಬಾಗಿದ ಬೆನ್ನಿನ ಸಿಟ್ಟು ಅದು, ಮರಿಲಿಂಗಮ್ಮನ ಸಲುವಾಗಿ ಅಲ್ಲ.

ಚಾವಿಯ ಭಾರಕ್ಕೆ ಕರೆಮ್ಮನ ಬಲಗೈ ಇಳಿಯತೊಡಗಿತ್ತು. ಎಡಗೈಯ ನೋವು ಈಗ ಬಂದು ಕಣ್ಣು ಕತ್ತಲಿಟ್ಟಿತು. ಪಕ್ಕದಲ್ಲಿ ಯಾರೋ ಕಟ್ಟೆ ಹತ್ತಿದರು. ಯಂಕಣ್ಣ. ಕಾಲ ತುಂಬ ಕೆಸರು.

"ಇತ್ತ ಕೊಡು," ಎಂದ ಮೆಲ್ಲಗೆ. ಅವಳು ಕೊಡಲಿಲ್ಲ. "ನಾ ಹಿಡಕೊಂತೀನಿ. ಒಗಿಯೂದಾದ್ರ ನಾನ ಒಗೀತೀನಿ."

ಅವನು ತನ್ನ ಕೈಯನ್ನು ಅವಳ ಕೈಯ ಕೆಳಗೆ ಕೊಟ್ಟು ಭಾರ ತೆಗೆದುಕೊಂಡ. ಚಾವಿ ಬಾವಿಯ ಮೇಲೆಯೇ ಇತ್ತು. ಮರಿಲಿಂಗಮ್ಮನನ್ನು ಹೊರಸಿನ ಮೇಲೆ ಮಲಗಿಸಿ ತಂದು ತಾಯಪ್ಪನ ಟ್ರ್ಯಾಕ್ಟರಿಗೆ ಏರಿಸಿ, ಟ್ರ್ಯಾಕ್ಟರು ಓಣಿಯ ತಿರುವು ದಾಟುವ ತನಕ ಅವನು ಕೈ ಹಿಂದಕ್ಕೆ ತರಲಿಲ್ಲ.

ಶಹಾಪುರದ ಸರಕಾರಿ ಆಸ್ಪತ್ರೆಯಲ್ಲಿ ಇಬ್ಬರಿಗೂ ಹತ್ತಿರ ಹತ್ತಿರದ ಮಂಚ ಸಿಕ್ಕವು. ಸಾಬಣ್ಣನನ್ನು ಪೊಲೀಸರು ಒಯ್ದರು. ಚಾವಿ ಬೇರೊಬ್ಬನ ಹೆಗಲಿಗೆ ಹೋಯಿತು. ಯಂಕಣ್ಣನ ಗದ್ದೆಗೆ ಪಾಳಿ ತಪ್ಪಿ ಆರು ದಿನ ತಡವಾಗಿ ನೀರು ಬಂತು, ಅರ್ಧ ಸಸಿ ಹಳದಿಯಾಯಿತು. ಉಳಿದ ಹದಿನೈದು ಡಬ್ಬಿಗಳನ್ನು ಶೇಖಮ್ಮ ತಾನೇ ಮನೆ ಮನೆಗೆ ಹೋಗಿ, "ಕೂಸಿನ ಆಟಿಗಿ ಸಾಮಾನು ಕೊಡ್ರೆವ್ವ" ಎಂದು ಕೇಳಿ ತಂದಳು. ಯಾರ ಹೆಸರೂ ಯಾರ ಬಾಯಿಗೂ ಬರಲಿಲ್ಲ. ಕುಬ್ರಾಬೇಗಂ ದಿನಾ ಸಂಜೆ ಬಂದು ಇಬ್ಬರ ಮಂಚದ ನಡುವೆ ಸ್ಟೂಲಿನ ಮೇಲೆ ಕೂರುತ್ತಿದ್ದರು. ನೋಟುಬುಕ್ಕಿನ ಮಾತು ಒಮ್ಮೆಯೂ ಎತ್ತಲಿಲ್ಲ.

ಮರಿಲಿಂಗಮ್ಮನ ದವಡೆಗೆ ತಂತಿ ಕಟ್ಟಿದ್ದರು. ಹನ್ನೆರಡು ದಿನ ಅವಳು ಮಾತಾಡಲಿಲ್ಲ. ಕರೆಮ್ಮ ಎಡಗೈಗೆ ಪಟ್ಟಿ ಹಾಕಿಸಿಕೊಂಡು, ಬಲಗೈಯಲ್ಲಿ ಕೂಸಿಗೆ ಒಂದು ಚಮಚ, ಅವಳಿಗೆ ಒಂದು ಚಮಚ ಎಂದು ಒಂದೇ ಬಟ್ಟಲಿನಿಂದ ಗಂಜಿ ಕುಡಿಸುತ್ತಿದ್ದಳು. ಕೂಸು ಉಗುಳುತ್ತಿತ್ತು, ಮರಿಲಿಂಗಮ್ಮ ಹಲ್ಲಿನ ಸಂದಿಯಿಂದ ಹೀರಿಕೊಳ್ಳುತ್ತಿದ್ದಳು.

ಹದಿಮೂರನೆಯ ದಿನ ಅವಳು ಚಮಚವನ್ನು ಕೈಯಿಂದ ತಡೆದಳು. ತಂತಿಯ ನಡುವಿನಿಂದ ಮಾತು ಒಂದೊಂದೇ ಬಂತು.

"ಅವತ್ತು ಬಾಗಲದಾಗ ನಿಂತಿದ್ದಿ. ಹಗ್ಗದ ದಿನ. ನಾ ನೋಡೀನಿ. ಅವತ್ತ ಯಾಕ ಒಳಗ ಬರಲಿಲ್ಲ?"

ಕರೆಮ್ಮನ ಹತ್ತಿರ ಉತ್ತರಗಳಿದ್ದವು. ಹದಿನಾರು ಮಂದಿ, ಮೇಡಂ ಹೇಳಿದ್ದು, ಕೈಯಲ್ಲಿದ್ದ ಕೂಸು, ನೀರಿನ ಪಾಳಿ.

"ಎಣಸಾಕತ್ತಿದ್ದೆ ಅಕ್ಕ," ಎಂದಳು.

ಮರಿಲಿಂಗಮ್ಮ ಅವಳನ್ನು ನೋಡುತ್ತಲೇ ಇದ್ದಳು. ಕ್ಷಮಿಸಿದ ನೋಟವಲ್ಲ. ಕೂಸು ಇಬ್ಬರ ನಡುವೆ ಕೈ ಚಾಚಿ ಬಟ್ಟಲು ಬಡಿಯುತ್ತಿತ್ತು. ಕೊನೆಗೆ ಮರಿಲಿಂಗಮ್ಮ ಚಮಚ ತಡೆದಿದ್ದ ಕೈಯನ್ನು ತೆಗೆದಳು. ಗಂಜಿ ಆರಿಹೋಗಿತ್ತು. ಬಿಸಿ ಮಾಡಿ ತರಲು ಕರೆಮ್ಮ ಎದ್ದಳು.